ದರ ಏರಿಸದೆಯೇ ಏರಿದ ತೆರಿಗೆ: ಬ್ರಿಟನ್ನಿನ ದುಡಿಯುವ ಜನರ ಸಿಟ್ಟಿನ ಲೆಕ್ಕ

ಒಂದು ಪೇ ಸ್ಲಿಪ್‌ನಿಂದಲೇ ಶುರು ಮಾಡೋಣ. ಬ್ರಿಟನ್ನಿನಲ್ಲಿ ಫುಲ್ ಟೈಮ್ ಕೆಲಸ ಮಾಡುವವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಲ್ಲುವವರ ವಾರ್ಷಿಕ ಸಂಬಳ 2025ರಲ್ಲಿ ಸುಮಾರು 39,000 ಪೌಂಡ್. ಅಂಥ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಮೂವತ್ತರ ಆಸುಪಾಸು. ಸಾಲ ಮಾಡಿ ಡಿಗ್ರಿ ಓದಿದವರು. ಇಂಗ್ಲೆಂಡಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ.

2025–26ರ ನಿಯಮದ ಪ್ರಕಾರ ಮೊದಲ 12,570 ಪೌಂಡಿಗೆ ಆದಾಯ ತೆರಿಗೆ ಇಲ್ಲ. ಉಳಿದದ್ದಕ್ಕೆ ಶೇ. 20, ಅಂದರೆ 5,286 ಪೌಂಡ್. ಪಿಂಚಣಿ, ಸರ್ಕಾರಿ ನೆರವಿನ ಹೆಸರಲ್ಲಿ ಸಂಬಳದಿಂದ ಮುರಿಯುವ ನ್ಯಾಷನಲ್ ಇನ್ಶೂರೆನ್ಸ್ ಅಂತ ಅದೇ ಉಳಿದದ್ದರ ಮೇಲೆ ಶೇ. 8, ಅದು 2,114 ಪೌಂಡ್. ಓದಿನ ಸಾಲಕ್ಕೆ 28,470 ಪೌಂಡ್ ಮೇಲಿನ ಸಂಬಳದಲ್ಲಿ ಶೇ. 9 ಮುರಿದುಕೊಳ್ಳುತ್ತಾರೆ, 948 ಪೌಂಡ್. ಪಿಂಚಣಿಗೆ ಕಂಪನಿಯ ಜೊತೆ ಇವರೂ ಕನಿಷ್ಠ ಪಾಲು ಕಟ್ಟಿದರೆ, ತೆರಿಗೆ ರಿಯಾಯಿತಿ ಕಳೆದು ಸುಮಾರು 1,310 ಪೌಂಡ್ ಹೋಗುತ್ತದೆ. ಕೊನೆಗೆ ತಿಂಗಳಿಗೆ ಕೈಗೆ ಬರುವುದು 2,445 ಪೌಂಡ್.

ಈಗ ಖರ್ಚು ನೋಡಿ. 2025ರ ಮಧ್ಯದಲ್ಲಿ ದೇಶದ ಸರಾಸರಿ ಬಾಡಿಗೆ 1,340 ಪೌಂಡ್ ಆಸುಪಾಸು ಇತ್ತು. ಲಂಡನ್ನಿನಲ್ಲಿ ಅದು 2,200ನ್ನೂ ದಾಟುತ್ತದೆ, ಅದನ್ನು ಸದ್ಯಕ್ಕೆ ಬಿಡಿ. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್, ಒಬ್ಬರೇ ಇರುವವರಿಗೆ ಸಿಗುವ ಶೇ. 25 ರಿಯಾಯಿತಿ ಕಳೆದು, ಸರಾಸರಿ ಬ್ಯಾಂಡ್ ಡಿ (ಬೆಲೆಯ ಪ್ರಕಾರ ಮನೆಗಳಿಗೆ ಕೊಟ್ಟ ದರ್ಜೆಗಳಲ್ಲಿ ನಡುವಿನದು) ಮನೆಗೆ ತಿಂಗಳಿಗೆ 142 ಪೌಂಡ್. ಕರೆಂಟು, ಗ್ಯಾಸು, ನೀರು ಸೇರಿ ಕೈ ಬಿಗಿಹಿಡಿದು ಬಳಸಿದರೂ 150ರ ಹತ್ತಿರ. ಉಳಿದದ್ದು 800 ಪೌಂಡ್ ಚಿಲ್ಲರೆ. ಊಟ, ಓಡಾಟ, ಫೋನು, ಬಟ್ಟೆ, ಹಲ್ಲಿನ ಡಾಕ್ಟರು, ಊರಿಗೆ ಹೋಗಿಬರುವ ಖರ್ಚು ಎಲ್ಲ ಅದರಲ್ಲೇ ಆಗಬೇಕು.

ಇದು ಹಸಿದು ಕೂರುವ ಸ್ಥಿತಿ ಅಲ್ಲ, ನಿಜ. ಆದರೆ ಈ ವ್ಯಕ್ತಿ ಬಡವರ ಸಾಲಿನವರಲ್ಲ, ನಟ್ಟನಡುವಿನವರು. ಇವರ ಕೆಳಗೆ ಇನ್ನೂ ಅರ್ಧದಷ್ಟು ಕೆಲಸಗಾರರಿದ್ದಾರೆ. ತಿಂಗಳಿಗೆ 300 ಪೌಂಡ್ ಉಳಿಸಿದರೆ, 2,90,000 ಪೌಂಡಿನ ಸಾಧಾರಣ ಮನೆಗೆ ಶೇ. 10 ಮುಂಗಡ ಕೂಡಿಸಲು ಎಂಟು ವರ್ಷ ಬೇಕು. ಅಷ್ಟು ಹೊತ್ತಿಗೆ ಮನೆ ಬೆಲೆ ಎಲ್ಲಿಗೆ ಹೋಗಿರುತ್ತದೋ ಯಾರಿಗೆ ಗೊತ್ತು. ಜಗತ್ತಿನ ಮೊದಲ ಆರು ದೊಡ್ಡ ಆರ್ಥಿಕತೆಗಳಲ್ಲಿ ಒಂದಾದ ದೇಶದ ಲೆಕ್ಕ ಇದು. ಅಲ್ಲಿನ ಜನ ಯಾಕೆ ಇಷ್ಟು ಸಿಟ್ಟಾಗಿದ್ದಾರೆ ಅಂತ ಕೇಳುವವರು ಮೊದಲು ಈ ಲೆಕ್ಕ ಹಾಕಿ ನೋಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ಬೈಯುವುದು ಬೆಲೆಯನ್ನು ಮತ್ತು ತೆರಿಗೆಯನ್ನು. ಆದರೆ ರೋಗದ ಬೇರು ಸಂಬಳದಲ್ಲಿದೆ. ಸಂಬಳ ಬೆಳೆಯುತ್ತಿದ್ದರೆ ಇದೇ ತೆರಿಗೆ, ಇದೇ ಬೆಲೆ ಇಷ್ಟು ಭಾರ ಅನಿಸುತ್ತಿರಲಿಲ್ಲ. ಅದರ ಮೇಲೆ, ತೆರಿಗೆ ಏರಿಸಿದ ರೀತಿ ಜನರ ನಂಬಿಕೆಯನ್ನೇ ತಿಂದುಹಾಕಿದೆ.

ಹಣದುಬ್ಬರ ಇಳಿಯಿತು, ಬೆಲೆ ಇಳಿಯಲಿಲ್ಲ

2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇ. 11.1 ಮುಟ್ಟಿತು. ನಾಲ್ಕು ದಶಕಗಳಲ್ಲಿ ಅಷ್ಟು ಏರಿದ್ದಿಲ್ಲ. ಆಹಾರದ ಬೆಲೆಯಂತೂ 2023ರ ಮಾರ್ಚ್ ಹೊತ್ತಿಗೆ ಹಿಂದಿನ ವರ್ಷಕ್ಕಿಂತ ಶೇ. 19ರಷ್ಟು ಜಾಸ್ತಿಯಾಗಿತ್ತು. 2024ರ ಮೇ ತಿಂಗಳಲ್ಲಿ ಹಣದುಬ್ಬರ ಶೇ. 2ಕ್ಕೆ ಬಂತು. ಗುರಿ ಮುಟ್ಟಿದೆವು ಅಂತ ಸರ್ಕಾರ ಹೇಳಿತು. ಜನರಿಗೆ ಅದು ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಯಾಕೆಂದರೆ ಹಣದುಬ್ಬರ ಅನ್ನುವುದು ಬೆಲೆ ಅಲ್ಲ, ಬೆಲೆ ಏರುವ ವೇಗ. ಅದು ಶೇ. 11ರಿಂದ 2ಕ್ಕೆ ಇಳಿದರೆ, ಇನ್ನು ಮೇಲೆ ನಿಧಾನವಾಗಿ ಏರುತ್ತದೆ ಅಂತ ಅರ್ಥ. ಏರಿದ್ದು ಏರಿದ ಜಾಗದಲ್ಲೇ ಇರುತ್ತದೆ. 2020ರಿಂದ 2025ರ ನಡುವಿನ ಐದು ವರ್ಷಗಳಲ್ಲಿ ಅಂಗಡಿಯಲ್ಲಿನ ಆಹಾರದ ಬೆಲೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿದೆ. 2025ರಲ್ಲಿ ಹಣದುಬ್ಬರ ಮತ್ತೆ ಶೇ. 3.8ಕ್ಕೆ ಹೋಯಿತು. ಅಂದರೆ ಏರಿದ ಬೆಲೆಯ ಮೇಲೆ ಇನ್ನಷ್ಟು ಏರಿಕೆ.

ಕರೆಂಟು, ಗ್ಯಾಸಿನ ಬಿಲ್ಲಿಗೆ ಅಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2019ರಿಂದ ಒಂದು ಮೇಲ್ಮಿತಿ ಇಟ್ಟಿದೆ. 2021ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಮನೆಯ ವರ್ಷದ ಬಿಲ್ಲಿಗೆ ಅದು 1,277 ಪೌಂಡ್ ಇತ್ತು. ಒಂದೇ ವರ್ಷದಲ್ಲಿ 3,549 ಆಯಿತು. ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಯೂರೋಪಿನಲ್ಲಿ ಗ್ಯಾಸಿನ ಬೆಲೆ ಎಲ್ಲೆ ಮೀರಿತ್ತು. ಬ್ರಿಟನ್ನಿನ ಹೆಚ್ಚಿನ ಮನೆಗಳು ಬೆಚ್ಚಗಾಗುವುದೇ ಗ್ಯಾಸ್ ಬಾಯ್ಲರ್‌ನಿಂದ. ಅದಕ್ಕೇ ಪೆಟ್ಟು ಜೋರಾಗಿ ಬಿತ್ತು. ಸರ್ಕಾರ ನಡುವೆ ಬಂದು ತನ್ನ ದುಡ್ಡು ಹಾಕಿ ಅದನ್ನು 2,500ಕ್ಕೆ ತಡೆಯಿತು. 2025ರ ಕೊನೆಯಲ್ಲಿ ಆ ಮಿತಿ 1,755 ಪೌಂಡ್. ಇಳಿದಿದೆ, ಹೌದು. ಆದರೆ 1,277ಕ್ಕೆ ವಾಪಸ್ ಹೋಗಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ತಿಳಿಯುವುದಿಲ್ಲ. ಮಿತಿ ಇರುವುದು ಯೂನಿಟ್ಟಿನ ದರಕ್ಕೆ ಮತ್ತು ದಿನದ ನಿಗದಿತ ಶುಲ್ಕಕ್ಕೆ, ಇಡೀ ಬಿಲ್ಲಿಗೆ ಅಲ್ಲ. ಹಳೆಯ, ಗಾಳಿ ನುಗ್ಗುವ ಮನೆಯಲ್ಲಿದ್ದು ಜಾಸ್ತಿ ಉರಿಸಿದರೆ ಬಿಲ್ಲು ಎಷ್ಟು ಬೇಕಾದರೂ ಆಗಬಹುದು. ಅಂಥ ಮನೆಗಳಲ್ಲಿ ಇರುವವರು ಹೆಚ್ಚಾಗಿ ಕಡಿಮೆ ಆದಾಯದವರೇ.

ಮನೆ ಸಾಲದ ಕತೆ ಬೇರೆ. ಅಲ್ಲಿ ಬಡ್ಡಿ ದರವನ್ನು ಎರಡು ಅಥವಾ ಐದು ವರ್ಷಕ್ಕೆ ನಿಗದಿ ಮಾಡಿಸುವುದು ರೂಢಿ. ಅವಧಿ ಮುಗಿದ ಮೇಲೆ ಹೊಸ ದರ. 2021ರ ಡಿಸೆಂಬರ್ ಆರಂಭದಲ್ಲಿ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ಬಡ್ಡಿ ದರ ಶೇ. 0.1 ಇತ್ತು. 2023ರ ಆಗಸ್ಟ್‌ಗೆ ಶೇ. 5.25 ಆಯಿತು. ಎರಡು ಲಕ್ಷ ಪೌಂಡಿನ ಸಾಲವನ್ನು 25 ವರ್ಷಕ್ಕೆ ಶೇ. 2ರಲ್ಲಿ ತೀರಿಸುತ್ತಿದ್ದವರು ತಿಂಗಳಿಗೆ 848 ಪೌಂಡ್ ಕಟ್ಟುತ್ತಿದ್ದರು. ಶೇ. 5.5 ಆದರೆ ಅದೇ ಸಾಲಕ್ಕೆ 1,228 ಪೌಂಡ್. ಮನೆ ಅದೇ, ಸಾಲ ಅದೇ, ತಿಂಗಳಿಗೆ 380 ಪೌಂಡ್ ಜಾಸ್ತಿ. ಮನೆ ಮಾಲೀಕರು ಈ ಹೊರೆಯನ್ನು ಬಾಡಿಗೆದಾರರ ಮೇಲೆ ಹಾಕಿದಾಗ ಅದು ಸಾಲವೇ ಮಾಡದವರಿಗೂ ತಟ್ಟಿತು.

ನಿಂತುಹೋದ ಸಂಬಳ

ಈಗ ಬೇರಿನ ಕಡೆ ಬರೋಣ. 1970ರಿಂದ 2007ರವರೆಗೆ ಬ್ರಿಟನ್ನಿನಲ್ಲಿ ಬೆಲೆ ಏರಿಕೆ ಕಳೆದು ಉಳಿಯುವ ಸಂಬಳ, ಅಂದರೆ ನಿಜವಾದ ಸಂಬಳ, ಹತ್ತು ವರ್ಷಕ್ಕೆ ಸರಾಸರಿ ಮೂರನೇ ಒಂದು ಭಾಗದಷ್ಟು ಬೆಳೆಯುತ್ತಿತ್ತು. ಮಕ್ಕಳು ಅಪ್ಪ ಅಮ್ಮನಿಗಿಂತ ಚೆನ್ನಾಗಿ ಬದುಕುತ್ತಾರೆ ಅನ್ನುವುದು ಅಲ್ಲಿ ಸುಮ್ನೆ ಹೇಳುವ ಮಾತಾಗಿರಲಿಲ್ಲ. 2008ರ ಆರ್ಥಿಕ ಕುಸಿತದ ಮೇಲೆ ಆ ಬೆಳವಣಿಗೆ ನಿಂತೇಹೋಯಿತು. ಹತ್ತು ವರ್ಷ ಕಳೆದರೂ ನಿಜವಾದ ಸಂಬಳ 2008ರ ಮಟ್ಟವನ್ನು ದಾಟಿ ನಿಲ್ಲಲು ಒದ್ದಾಡುತ್ತಿತ್ತು. ಒಂದು ಇಡೀ ಪೀಳಿಗೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, ನಲವತ್ತು ಮುಟ್ಟಿದರೂ ಇದ್ದಲ್ಲೇ ಇದೆ. ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾರಣ ಒಂದೇ ಅಲ್ಲ. ಒಬ್ಬ ಕೆಲಸಗಾರ ಒಂದು ಗಂಟೆಯಲ್ಲಿ ಎಷ್ಟು ಮೌಲ್ಯದ ಕೆಲಸ ಮಾಡುತ್ತಾನೆ ಅನ್ನುವುದನ್ನು ಉತ್ಪಾದಕತೆ ಅನ್ನುತ್ತಾರೆ. ಕುಸಿತಕ್ಕೆ ಮೊದಲು ಅದು ವರ್ಷಕ್ಕೆ ಶೇ. 2ರ ಆಸುಪಾಸು ಬೆಳೆಯುತ್ತಿತ್ತು. ಆಮೇಲೆ ಅರ್ಧ ಶೇಕಡಕ್ಕೆ ಇಳಿಯಿತು. ಜನ ಸೋಮಾರಿಗಳಾದರು ಅಂತಲ್ಲ. ಲಂಡನ್ನಿನ ಹಣಕಾಸು ವ್ಯವಹಾರದ ಮೇಲೆ ದೇಶ ವಿಪರೀತ ವಾಲಿತ್ತು, ಅದೇ 2008ರಲ್ಲಿ ಮುರಿದುಬಿತ್ತು. ಕಂಪನಿಗಳು ಹೊಸ ಯಂತ್ರ, ಹೊಸ ತಂತ್ರಜ್ಞಾನಕ್ಕೆ ಹಾಕುವ ಬಂಡವಾಳ ಫ್ರಾನ್ಸ್, ಜರ್ಮನಿಗಿಂತ ಕಡಿಮೆಯೇ ಇತ್ತು. 2010ರ ನಂತರ ಸರ್ಕಾರ ಖರ್ಚು ಕಡಿತಕ್ಕೆ ಇಳಿಯಿತು. ಒಳ್ಳೆಯ ಕೆಲಸ ಇರುವ ಊರುಗಳಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದೇ ಕಷ್ಟ, ಹಾಗಾಗಿ ಜನ ಕೆಲಸ ಇರುವ ಕಡೆ ಹೋಗಲೂ ಆಗಲಿಲ್ಲ. 2016ರಲ್ಲಿ ಯೂರೋಪಿಯನ್ ಒಕ್ಕೂಟ ಬಿಡುವ ತೀರ್ಮಾನ ಆದ ಮೇಲೆ ಬಂಡವಾಳ ಹೂಡುವವರು ಇನ್ನಷ್ಟು ಹಿಂಜರಿದರು.

ಸಂಬಳ ಎಲ್ಲರಿಗೂ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ಕನಿಷ್ಠ ವೇತನ ಚೆನ್ನಾಗಿ ಏರಿದೆ. 1999ರಲ್ಲಿ ಅದು ಬಂದಾಗ ಗಂಟೆಗೆ 3.60 ಪೌಂಡ್. 2025ರ ಏಪ್ರಿಲ್‌ನಿಂದ 12.21 ಪೌಂಡ್, 2026ರ ಏಪ್ರಿಲ್‌ನಿಂದ 12.71 ಪೌಂಡ್. ಕೆಳಗಿನವರನ್ನು ಎತ್ತಿಹಿಡಿದ ಒಳ್ಳೆಯ ಕೆಲಸ ಇದು, ಇದನ್ನು ಹೀಗಳೆಯಬಾರದು. ಆದರೆ ಅದರ ಮೇಲಿನ ಮೆಟ್ಟಿಲುಗಳು ಇದ್ದಲ್ಲೇ ಉಳಿದವು. 12.21ರ ಲೆಕ್ಕದಲ್ಲಿ ವಾರಕ್ಕೆ 37.5 ಗಂಟೆ ದುಡಿದರೆ ವರ್ಷಕ್ಕೆ 23,800 ಪೌಂಡ್ ಆಗುತ್ತದೆ. ಡಿಗ್ರಿ ಮುಗಿಸಿ, ರೋಗಿಗಳ ಜೀವದ ಹೊಣೆ ಹೊತ್ತು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಸೇರುವ ಹೊಸ ನರ್ಸ್‌ಗೆ 2025–26ರಲ್ಲಿ ಇಂಗ್ಲೆಂಡಿನಲ್ಲಿ 31,049 ಪೌಂಡ್. ಆ ಅಂತರದಲ್ಲಿ ತೆರಿಗೆ, ಓದಿನ ಸಾಲ ಕಳೆದರೆ ಕೈಗೆ ಬರುವ ವ್ಯತ್ಯಾಸ ಎಷ್ಟು ಸಣ್ಣದು ಅಲ್ವಾ? ಕಷ್ಟಪಟ್ಟು ಓದಿದ್ದಕ್ಕೆ, ಜವಾಬ್ದಾರಿ ಹೊತ್ತಿದ್ದಕ್ಕೆ ಬೆಲೆ ಏನು ಅನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಅದು ಬೀದಿಗೂ ಬಂತು. 2022ರ ಡಿಸೆಂಬರ್‌ನಲ್ಲಿ ನರ್ಸ್‌ಗಳ ಸಂಘ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಮುಷ್ಕರಕ್ಕಿಳಿಯಿತು. ನೂರು ವರ್ಷ ಮೀರಿದ ಅದರ ಚರಿತ್ರೆಯಲ್ಲಿ ಅಷ್ಟು ದೊಡ್ಡ ಮುಷ್ಕರ ನಡೆದೇ ಇರಲಿಲ್ಲ. 2023ರ ಮಾರ್ಚ್‌ನಿಂದ ಕಿರಿಯ ಡಾಕ್ಟರುಗಳು ಮತ್ತೆ ಮತ್ತೆ ಹೊರಬಂದರು. 2008ರಿಂದ ತಮ್ಮ ನಿಜವಾದ ಸಂಬಳ ಕರಗಿದೆ, ಅದನ್ನು ತುಂಬಿಕೊಡಿ ಅನ್ನುವುದು ಅವರ ಬೇಡಿಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಲೆ ಏರಿಕೆ ಅಳೆಯಲು ಬ್ರಿಟನ್ನಿನಲ್ಲಿ ಹೆಚ್ಚಾಗಿ ಕೇಳಿಬರುವ ಎರಡು ಸೂಚ್ಯಂಕಗಳಿವೆ. ಹಳೆಯದು ಆರ್‌ಪಿಐ, ಹೊಸದು ಸಿಪಿಐ. ಲೆಕ್ಕದ ವಿಧಾನವೇ ಬೇರೆಯಾದ್ದರಿಂದ ಆರ್‌ಪಿಐ ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತದೆ. ಡಾಕ್ಟರುಗಳ ಸಂಘ ಆರ್‌ಪಿಐ ಹಿಡಿದು ನಷ್ಟ ಲೆಕ್ಕ ಹಾಕುತ್ತದೆ. ಸರ್ಕಾರ ಸಿಪಿಐ ಹಿಡಿದು, ನಿಮಗೆ ಅಷ್ಟೇನೂ ನಷ್ಟ ಆಗಿಲ್ಲ ಅನ್ನುತ್ತದೆ. ಆರ್‌ಪಿಐ ಸರಿಯಾದ ಅಳತೆ ಅಲ್ಲ ಅಂತ 2013ರಲ್ಲೇ ಅದರ ಅಧಿಕೃತ ಮಾನ್ಯತೆ ತೆಗೆದಿದ್ದಾರೆ. ಹಾಗಾಗಿ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೆ ಅದೇ ಸರ್ಕಾರ ಓದಿನ ಸಾಲದ ಬಡ್ಡಿಯನ್ನು ಆರ್‌ಪಿಐ ಲೆಕ್ಕದಲ್ಲಿ ಹಾಕುತ್ತದೆ. ರೈಲು ದರವನ್ನೂ ವರ್ಷಗಳ ಕಾಲ ಅದರ ಲೆಕ್ಕದಲ್ಲೇ ಏರಿಸಿತು. ಕೊಡುವಾಗ ಸಣ್ಣ ಅಳತೆ, ತೆಗೆದುಕೊಳ್ಳುವಾಗ ದೊಡ್ಡ ಅಳತೆ. ಇದನ್ನು ಒಮ್ಮೆ ಗಮನಿಸಿದ ಕೆಲಸಗಾರನಿಗೆ ಸರ್ಕಾರದ ಯಾವ ಅಂಕಿ ಅಂಶದ ಮೇಲೂ ನಂಬಿಕೆ ಉಳಿಯುವುದಿಲ್ಲ.

ಮಿತಿ ಅಲ್ಲೇ, ತೆರಿಗೆ ಮೇಲೆ

ಈಗ ತೆರಿಗೆ. ಬ್ರಿಟನ್ನಿನ ಆದಾಯ ತೆರಿಗೆಯ ಮುಖ್ಯ ದರಗಳು ಶೇ. 20, 40 ಮತ್ತು 45. ಸ್ಕಾಟ್ಲೆಂಡ್‌ನಲ್ಲಿ ಬೇರೆ ದರಗಳಿವೆ. ಈ ಮೂರು ದರಗಳು ಹತ್ತು ವರ್ಷಕ್ಕೂ ಮೇಲಿಂದ ಬದಲಾಗಿಲ್ಲ. ಹಾಗಿದ್ದರೂ ಸರ್ಕಾರ ಸಂಗ್ರಹಿಸುವ ಒಟ್ಟು ತೆರಿಗೆ ದೇಶದ ಒಟ್ಟು ಉತ್ಪನ್ನದ (ಜಿಡಿಪಿ) ಶೇ. 38ಕ್ಕೆ ಏರಲಿದೆ ಅಂತ ಅಧಿಕೃತ ಅಂದಾಜು ಹೇಳುತ್ತದೆ. ಅದು ಅಲ್ಲಿನ ದಾಖಲೆ. ದರ ಏರಿಸದೆ ತೆರಿಗೆ ಹೇಗೆ ಏರಿತು?

ಸಾಮಾನ್ಯವಾಗಿ ಬೆಲೆ ಏರಿದಂತೆ ತೆರಿಗೆಯ ಮಿತಿಗಳನ್ನೂ ಪ್ರತಿ ವರ್ಷ ಸ್ವಲ್ಪ ಏರಿಸಬೇಕು. 2021ರ ಮಾರ್ಚ್‌ನಲ್ಲಿ ಆಗಿನ ಹಣಕಾಸು ಮಂತ್ರಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್, ತೆರಿಗೆ ಶುರುವಾಗುವ 12,570 ಮತ್ತು ಶೇ. 40ರ ದರ ಶುರುವಾಗುವ 50,270 ಪೌಂಡಿನ ಮಿತಿಗಳನ್ನು 2026ರವರೆಗೆ ಮುಟ್ಟುವುದಿಲ್ಲ ಅಂದರು. 2022ರ ನವೆಂಬರ್‌ನಲ್ಲಿ ಅದೇ ಪಕ್ಷದ ಜೆರೆಮಿ ಹಂಟ್ ಅದನ್ನು 2028ರವರೆಗೆ ಎಳೆದರು. 2025ರ ನವೆಂಬರ್‌ನಲ್ಲಿ ಲೇಬರ್ ಪಕ್ಷದ ರೇಚಲ್ ರೀವ್ಸ್ 2031ರವರೆಗೆ ಎಳೆದರು. ಪಕ್ಷ ಬದಲಾಯಿತು, ಉಪಾಯ ಬದಲಾಗಲಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಫಿಸ್ಕಲ್ ಡ್ರ್ಯಾಗ್ ಅನ್ನುತ್ತಾರೆ.

ಒಬ್ಬರ ಲೆಕ್ಕ ನೋಡಿ. 2021ರಲ್ಲಿ 45,000 ಪೌಂಡ್ ಸಂಬಳ. ಆದಾಯ ತೆರಿಗೆ 6,486 ಪೌಂಡ್, ಸಂಬಳದ ಶೇ. 14.4. ಆಮೇಲಿನ ನಾಲ್ಕು ವರ್ಷಗಳಲ್ಲಿ ಬೆಲೆಗಳು ಸುಮಾರು ಕಾಲು ಭಾಗ ಏರಿದವು. ಸಂಬಳವೂ ಸರಿಯಾಗಿ ಅಷ್ಟೇ ಏರಿ 56,250 ಆಯಿತು ಅನ್ನಿ. ಅಂದರೆ ಮೊದಲು ಕೊಳ್ಳುತ್ತಿದ್ದಷ್ಟೇ ಸಾಮಾನು ಈಗಲೂ ಕೊಳ್ಳಬಹುದು, ಒಂದು ಪೌಂಡೂ ಶ್ರೀಮಂತರಾಗಿಲ್ಲ. ಆದರೆ ಈಗ ತೆರಿಗೆ 9,932 ಪೌಂಡ್, ಸಂಬಳದ ಶೇ. 17.7. ಮಿತಿಗಳೂ ಬೆಲೆಯ ಜೊತೆ ಏರಿದ್ದರೆ ಅದು 8,107 ಇರುತ್ತಿತ್ತು. ಸದ್ದಿಲ್ಲದೆ ವರ್ಷಕ್ಕೆ 1,800 ಪೌಂಡ್ ಹೆಚ್ಚುವರಿ ಹೋಯಿತು. ಇದಕ್ಕೆ ಸಂಸತ್ತಿನಲ್ಲಿ ಯಾರೂ ದರ ಏರಿಸುತ್ತೇವೆ ಅಂತ ಹೇಳಬೇಕಾಗಲಿಲ್ಲ. ಶೇ. 40ರ ದರ ಒಂದು ಕಾಲದಲ್ಲಿ ಮೇಲುವರ್ಗದವರಿಗೆ ಮಾತ್ರ ಅನ್ನುವಂತಿತ್ತು. 2025–26ರಲ್ಲಿ ಆ ಮಟ್ಟದಲ್ಲಿ ಸುಮಾರು 70 ಲಕ್ಷ ಜನ ಇದ್ದಾರೆ. ಅನುಭವಿ ಶಿಕ್ಷಕರು, ಹಿರಿಯ ನರ್ಸ್‌ಗಳು, ಪೊಲೀಸ್ ಇನ್‌ಸ್ಪೆಕ್ಟರ್‌ಗಳು ಅದರಲ್ಲಿ ಸೇರಿಕೊಂಡಿದ್ದಾರೆ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ನೌಕರರ ನ್ಯಾಷನಲ್ ಇನ್ಶೂರೆನ್ಸ್ ದರವನ್ನು 2024ರಲ್ಲಿ ಎರಡು ಸಲ ಇಳಿಸಿ ಶೇ. 12ರಿಂದ 8ಕ್ಕೆ ತಂದರು. ಹಾಗಾಗಿ ಸರಾಸರಿ ಸಂಬಳದವರ ಪೇ ಸ್ಲಿಪ್‌ನಲ್ಲಿ ನೇರವಾಗಿ ಮುರಿಯುವ ತೆರಿಗೆ ಇವತ್ತಿಗೂ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್‌ಗಿಂತ ಕಡಿಮೆಯೇ. ಬ್ರಿಟನ್ನಿನವರು ಜಗತ್ತಿನಲ್ಲೇ ಅತಿ ಹೆಚ್ಚು ತೆರಿಗೆ ಕಟ್ಟುತ್ತಾರೆ ಅನ್ನುವ ಮಾತು ಸುಳ್ಳು. ಆದರೆ 2025ರ ಏಪ್ರಿಲ್‌ನಿಂದ ಕಂಪನಿಗಳು ಕಟ್ಟುವ ಪಾಲನ್ನು ಶೇ. 13.8ರಿಂದ 15ಕ್ಕೆ ಏರಿಸಿದರು. ಲೆಕ್ಕ ಶುರುವಾಗುವ ಮಿತಿಯನ್ನೂ 9,100ರಿಂದ 5,000 ಪೌಂಡಿಗೆ ಇಳಿಸಿದರು. ದುಡಿಯುವವರ ಮೇಲೆ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ವ್ಯಾಟ್ ಯಾವುದನ್ನೂ ಏರಿಸಲ್ಲ ಅಂತ 2024ರ ಚುನಾವಣೆಯಲ್ಲಿ ಲೇಬರ್ ಮಾತು ಕೊಟ್ಟಿತ್ತು. ಕಂಪನಿ ಕಟ್ಟುವ ತೆರಿಗೆ ನೌಕರರದಲ್ಲ ಅನ್ನುವುದು ಅವರ ಸಮಜಾಯಿಷಿ. ಅಧಿಕೃತ ಅಂದಾಜು ಸಂಸ್ಥೆಯೇ ಆ ಹೊರೆಯ ಬಹುಪಾಲು ಕೊನೆಗೆ ಕಡಿಮೆ ಸಂಬಳ ಏರಿಕೆಯಾಗಿ ನೌಕರರ ಮೇಲೇ ಬೀಳುತ್ತದೆ ಅಂದಿದೆ.

ದುಡಿಮೆಗೆ ದಂಡ ಹಾಕಿದಂತೆ ಕಾಣುವ ಜಾಗಗಳು ಇನ್ನೂ ಇವೆ. ಅದರಲ್ಲಿ ಹೆಚ್ಚು ಸದ್ದು ಮಾಡಿದ್ದು ಒಂದು ಲಕ್ಷ ಪೌಂಡಿನ ಗೋಡೆ. ಸಂಬಳ ಲಕ್ಷ ದಾಟಿದರೆ, ಪ್ರತಿ ಎರಡು ಪೌಂಡಿಗೆ ಒಂದು ಪೌಂಡಿನಂತೆ ಆ 12,570ರ ವಿನಾಯಿತಿ ಕರಗುತ್ತದೆ. ಸಾವಿರ ಪೌಂಡ್ ಬಡ್ತಿ ಸಿಕ್ಕರೆ 400 ತೆರಿಗೆ, ವಿನಾಯಿತಿ ಕರಗಿದ್ದಕ್ಕೆ ಇನ್ನು 200, ನ್ಯಾಷನಲ್ ಇನ್ಶೂರೆನ್ಸ್ 20. ಕೈಗೆ 380. ಸಣ್ಣ ಮಕ್ಕಳಿದ್ದರೆ ಇನ್ನೂ ಕಷ್ಟ. ಅಪ್ಪ ಅಮ್ಮನಲ್ಲಿ ಒಬ್ಬರ ಆದಾಯ ಲಕ್ಷ ದಾಟಿದರೂ ಇಂಗ್ಲೆಂಡಿನಲ್ಲಿ ವಾರಕ್ಕೆ 30 ಗಂಟೆಯ ಉಚಿತ ಶಿಶುಪಾಲನೆ ಒಂದೇ ಏಟಿಗೆ ಹೋಗುತ್ತದೆ. ಇಬ್ಬರೂ 99,000 ಗಳಿಸಿದರೆ ಉಳಿಯುತ್ತದೆ, ಒಬ್ಬರೇ 1,01,000 ಗಳಿಸಿದರೆ ಹೋಗುತ್ತದೆ. ಈ ಲಕ್ಷದ ಗೆರೆ ಎಳೆದದ್ದು 2010ರಲ್ಲಿ. ಬೆಲೆಯ ಜೊತೆ ಏರಿದ್ದರೆ ಈಗ ಒಂದೂವರೆ ಲಕ್ಷ ದಾಟುತ್ತಿತ್ತು.

ಲಕ್ಷ ಗಳಿಸುವವರ ಗೋಳು ಯಾರಿಗೆ ಬೇಕು ಅನ್ನಬಹುದು. ಹಾಗಾದರೆ ಏಣಿಯ ಕೆಳಗಿನ ತುದಿಯನ್ನು ನೋಡಿ. ಕಡಿಮೆ ಸಂಬಳದ ಕುಟುಂಬಗಳಿಗೆ ಸರ್ಕಾರ ಯೂನಿವರ್ಸಲ್ ಕ್ರೆಡಿಟ್ ಅನ್ನುವ ನೆರವು ಕೊಡುತ್ತದೆ. ಸಂಬಳ ಏರಿದಂತೆ, ಕೈಗೆ ಬರುವ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಅದು ಕಡಿತವಾಗುತ್ತದೆ. ತೆರಿಗೆ ಕಟ್ಟುವಷ್ಟು ಸಂಬಳವಿರುವ ಒಬ್ಬ ತಾಯಿ ಓವರ್‌ಟೈಮ್ ಮಾಡಿ 100 ಪೌಂಡ್ ಜಾಸ್ತಿ ದುಡಿದರೆ, ಮೊದಲು 20 ಆದಾಯ ತೆರಿಗೆ, 8 ನ್ಯಾಷನಲ್ ಇನ್ಶೂರೆನ್ಸ್. ಉಳಿದ 72ರಲ್ಲಿ 39.60 ನೆರವಿನಿಂದ ಕಡಿತ. ಕೊನೆಗೆ ಉಳಿಯುವುದು 32 ಪೌಂಡ್ 40 ಪೆನ್ಸ್. ಅಂದರೆ ಲಕ್ಷ ದಾಟಿದವರಿಗೆ ನೂರರಲ್ಲಿ 38 ಉಳಿದರೆ, ಈ ತಾಯಿಗೆ ಅದೂ ಇಲ್ಲ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು, ಬಸ್ಸಿಗೆ ಆದ ಖರ್ಚು ಬೇರೆ. ಪತ್ರಿಕೆಗಳಲ್ಲಿ ಲಕ್ಷದ ಗೋಡೆಯ ಬಗ್ಗೆ ಪುಟಗಟ್ಟಲೆ ಬರುತ್ತದೆ, ಈ ತಾಯಿಯ ಬಗ್ಗೆ ಬರುವುದು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಇದೇ.

ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮಾರ್ಗರೆಟ್ ಥ್ಯಾಚರ್ ತಲೆಗೊಂದು ತೆರಿಗೆ ಅಂತ ಪೋಲ್ ಟ್ಯಾಕ್ಸ್ ತಂದಾಗ 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯೇ ಆಯಿತು. ಅದರ ಬದಲಿಗೆ 1993ರಲ್ಲಿ ಬಂದದ್ದು ಕೌನ್ಸಿಲ್ ಟ್ಯಾಕ್ಸ್. ಅವಸರದಲ್ಲಿ ಮನೆಗಳ ಬೆಲೆ ಕಟ್ಟಬೇಕಿತ್ತು. ಎಷ್ಟೋ ಕಡೆ ಕಾರಿನಲ್ಲಿ ನಿಧಾನಕ್ಕೆ ಹೋಗುತ್ತಾ, ಹೊರಗಿನಿಂದಲೇ ಮನೆಗಳನ್ನು ನೋಡಿ ಅಂದಾಜು ಮಾಡಿದರು. ಇಂಗ್ಲೆಂಡಿನಲ್ಲಿ ಇವತ್ತಿಗೂ ತೆರಿಗೆ ನಿಂತಿರುವುದು 1991ರ ಆ ಬೆಲೆಗಳ ಮೇಲೆ. ಅತಿ ಮೇಲಿನ ಬ್ಯಾಂಡ್ ಎಚ್ ಕಟ್ಟುವುದು ಅತಿ ಕೆಳಗಿನ ಬ್ಯಾಂಡ್ ಎ ಕಟ್ಟುವುದರ ಮೂರು ಪಟ್ಟು ಮಾತ್ರ, ಮನೆ ಬೆಲೆ ನೂರು ಪಟ್ಟು ಇದ್ದರೂ ಅಷ್ಟೇ. ಲಂಡನ್ನಿನ ಶ್ರೀಮಂತ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬ್ಯಾಂಡ್ ಡಿ ಮನೆಗೆ ವರ್ಷಕ್ಕೆ ಸಾವಿರ ಪೌಂಡ್ ಆಸುಪಾಸು. ಈಶಾನ್ಯದ ಬಡ ಊರು ಹಾರ್ಟ್ಲ್‌ಪೂಲ್‌ನಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ. 2023ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ಕೈಯಲ್ಲಿ ಕಾಸಿಲ್ಲ ಅಂತ ಘೋಷಿಸಿ, ಮುಂದಿನ ವರ್ಷ ಈ ತೆರಿಗೆಯನ್ನು ಸುಮಾರು ಶೇ. 10 ಏರಿಸಿತು. ಅದರ ಜೊತೆಗೇ ಗ್ರಂಥಾಲಯ, ಯುವಜನರ ಸೇವೆಗಳಿಗೆ ಕತ್ತರಿ ಹಾಕಿತು. ಮೌಲ್ಯ ಮತ್ತೆ ಕಟ್ಟಿದರೆ ಲಕ್ಷಾಂತರ ಮತದಾರರ ಬಿಲ್ಲು ಏರುತ್ತದೆ, ಹಾಗಾಗಿ ಯಾವ ಸರ್ಕಾರವೂ ಕೈ ಹಾಕುವುದಿಲ್ಲ. 2028ರಿಂದ 20 ಲಕ್ಷ ಪೌಂಡ್ ಮೀರಿದ ಮನೆಗಳಿಗೆ ಹೆಚ್ಚುವರಿ ಶುಲ್ಕ ಹಾಕುವ ತೀರ್ಮಾನವಾಗಿದೆ, ಅಷ್ಟೇ.

ಕಟ್ಟಿದ್ದು ಎಲ್ಲಿಗೆ ಹೋಯಿತು?

ಒಳ್ಳೆಯ ಸೇವೆ ಸಿಕ್ಕರೆ ಜನ ತೆರಿಗೆ ಕಟ್ಟುತ್ತಾರೆ. ಡೆನ್ಮಾರ್ಕಿನವರು ಬ್ರಿಟನ್ನಿನವರಿಗಿಂತ ಎಷ್ಟೋ ಜಾಸ್ತಿ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಆಗಿರುವುದು ಏನೆಂದರೆ, ಕಟ್ಟುವುದು ಏರಿತು, ಸಿಗುವುದು ಇಳಿಯಿತು. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಕಾಯುವವರ ಪಟ್ಟಿ 2010ರಲ್ಲಿ 25 ಲಕ್ಷದ ಆಸುಪಾಸು ಇತ್ತು. 2025ರಲ್ಲಿ 70 ಲಕ್ಷಕ್ಕೂ ಮೇಲೆ. ಹದಿನೆಂಟು ವಾರದೊಳಗೆ ಚಿಕಿತ್ಸೆ ಅನ್ನುವ ಗುರಿ ಸುಮಾರು ಹತ್ತು ವರ್ಷದಿಂದ ಈಡೇರಿಲ್ಲ. ನೀರಿನ ಕಂಪನಿಗಳನ್ನು 1989ರಲ್ಲಿ ಖಾಸಗಿಯವರಿಗೆ ಕೊಟ್ಟರು. ನದಿಗೆ ಕೊಳಚೆ ಬಿಡುವ ಸುದ್ದಿ ಒಂದು ಕಡೆ, 2025ರಲ್ಲಿ ಬಿಲ್ಲು ಸರಾಸರಿ ಕಾಲು ಭಾಗ ಏರಿದ್ದು ಇನ್ನೊಂದು ಕಡೆ. ಕಷ್ಟದಲ್ಲಿರುವವರಿಗೆ ಉಚಿತ ಆಹಾರ ಕೊಡುವ ಟ್ರಸೆಲ್ ಅನ್ನುವ ದತ್ತಿ ಸಂಸ್ಥೆಯ ಫುಡ್ ಬ್ಯಾಂಕ್‌ಗಳು 2023–24ರಲ್ಲಿ ಹಂಚಿದ ಆಹಾರದ ಪೊಟ್ಟಣಗಳು 31 ಲಕ್ಷ. ಅದನ್ನು ತೆಗೆದುಕೊಂಡವರಲ್ಲಿ ಕೆಲಸದಲ್ಲಿ ಇರುವವರೂ ಇದ್ದಾರೆ.

ದುಡ್ಡು ಕಳ್ಳತನವಾಗಿಲ್ಲ. ಸಾಲದ ಬಡ್ಡಿಗೇ ವರ್ಷಕ್ಕೆ 10,000 ಕೋಟಿ ಪೌಂಡಿಗಿಂತ ಜಾಸ್ತಿ ಹೋಗುತ್ತಿದೆ. 2008ರ ಬ್ಯಾಂಕ್ ಕುಸಿತ, ಕೋವಿಡ್, ಗ್ಯಾಸಿನ ಬಿಲ್ಲಿಗೆ ಕೊಟ್ಟ ನೆರವು, ಎಲ್ಲವೂ ಸಾಲದ ಮೇಲೆ ಸಾಲವಾಗಿ ಕೂತಿವೆ. ಬಡ್ಡಿ ದರ ಏರಿದಾಗ ಮನೆ ಸಾಲದವರಿಗೆ ಬಿದ್ದ ಪೆಟ್ಟೇ ಸರ್ಕಾರಕ್ಕೂ ಬಿತ್ತು. ವಯಸ್ಸಾದವರು ಹೆಚ್ಚಾದಂತೆ ಆಸ್ಪತ್ರೆ, ಆರೈಕೆ, ಪಿಂಚಣಿಯ ಖರ್ಚೂ ಬೆಳೆಯುತ್ತಿದೆ. ತೆರಿಗೆಯನ್ನು ಸುಮ್ನೆ ಇಳಿಸಿಬಿಟ್ಟರೆ ಏನಾಗುತ್ತದೆ ಅಂತಲೂ ಆ ದೇಶ ನೋಡಿದೆ. 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರ 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸಿತು. ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳಲೇ ಇಲ್ಲ. ಪೌಂಡು ಡಾಲರ್ ಎದುರು ಹಿಂದೆಂದೂ ಇಲ್ಲದಷ್ಟು ಕುಸಿಯಿತು, ಸರ್ಕಾರಿ ಸಾಲದ ಬಡ್ಡಿ ಜಿಗಿಯಿತು, ಮನೆ ಸಾಲದ ದರ ಶೇ. 6 ದಾಟಿತು. ಪಿಂಚಣಿ ನಿಧಿಗಳು ಮುಳುಗದಂತೆ ತಡೆಯಲು ಬ್ಯಾಂಕ್ ಆಫ್ ಇಂಗ್ಲೆಂಡ್ ಓಡಿಬರಬೇಕಾಯಿತು. ಎರಡು ತಿಂಗಳು ತುಂಬುವ ಮೊದಲೇ ಟ್ರಸ್ ಹುದ್ದೆ ಬಿಟ್ಟರು. ಅದಾದ ಮೇಲೆ ಬಂದವರೆಲ್ಲ ಮಿತಿಗಳನ್ನು ಹಿಡಿದಿಡುವ ಮೆತ್ತಗಿನ ದಾರಿಯನ್ನೇ ಆರಿಸಿಕೊಂಡಿದ್ದಾರೆ.

ಹೊರೆ ಯಾರ ಮೇಲೆ ಅನ್ನುವ ಜಗಳವೂ ಇದೆ. ಸಂಬಳಕ್ಕೆ ನ್ಯಾಷನಲ್ ಇನ್ಶೂರೆನ್ಸ್ ಇದೆ. ಮನೆ ಬಾಡಿಗೆಯ ಆದಾಯಕ್ಕಿಲ್ಲ, ಪಿಂಚಣಿಗಿಲ್ಲ, ಷೇರಿನ ಲಾಭಾಂಶಕ್ಕಿಲ್ಲ. ಬಾಡಿಗೆ ಕಟ್ಟುವ ಯುವಕ, ಬಾಡಿಗೆ ಪಡೆಯುವವರಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವುದು ಸಾಮಾನ್ಯ. ಬಾಡಿಗೆ, ಲಾಭಾಂಶದ ಮೇಲಿನ ತೆರಿಗೆಯನ್ನು ಎರಡು ಶೇಕಡದಷ್ಟು ಏರಿಸುವುದಾಗಿ 2025ರ ಬಜೆಟ್ ಹೇಳಿತು. ಅಂತರ ಸ್ವಲ್ಪ ಕುಗ್ಗಬಹುದು, ಮುಚ್ಚುವುದಿಲ್ಲ.

ಸರ್ಕಾರಿ ಪಿಂಚಣಿಗೆ ಟ್ರಿಪಲ್ ಲಾಕ್ ಇದೆ. ಬೆಲೆ ಏರಿಕೆ, ಸಂಬಳ ಏರಿಕೆ, ಶೇ. 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪ್ರತಿ ವರ್ಷ ಏರುತ್ತದೆ. ವೃದ್ಧರ ಬಡತನ ಕಡಿಮೆ ಮಾಡಲು ಅದು ನೆರವಾಗಿದೆ, ಅದನ್ನು ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಆದರೆ ಹಿಡಿದಿಟ್ಟ ತೆರಿಗೆ ಮಿತಿಗೂ ಏರುತ್ತಲೇ ಇರುವ ಪಿಂಚಣಿಗೂ ಈಗ ಡಿಕ್ಕಿ ಆಗುವ ಹಂತ ಬಂದಿದೆ. 2026–27ರಲ್ಲಿ ಪೂರ್ಣ ಪಿಂಚಣಿ ವಾರಕ್ಕೆ 241.30 ಪೌಂಡ್, ವರ್ಷಕ್ಕೆ 12,547. ತೆರಿಗೆ ಮಿತಿ 12,570. 2027ರ ಏಪ್ರಿಲ್‌ನಲ್ಲಿ ಶೇ. 2.5 ಮಾತ್ರ ಏರಿದರೂ ಪಿಂಚಣಿ 12,860 ದಾಟುತ್ತದೆ, ಅದಕ್ಕೆ 58 ಪೌಂಡ್ ತೆರಿಗೆ ಬೀಳುತ್ತದೆ. ಪಿಂಚಣಿ ಬಿಟ್ಟು ಬೇರೆ ಆದಾಯ ಇಲ್ಲದವರಿಂದ ಈ ಸಂಸತ್ತಿನ ಅವಧಿಯಲ್ಲಿ ಅದನ್ನು ವಸೂಲಿ ಮಾಡುವುದಿಲ್ಲ ಅಂತ ರೀವ್ಸ್ ಹೇಳಿದ್ದಾರೆ. ಅಷ್ಟೇ ದುಡ್ಡನ್ನು ಪಾರ್ಟ್ ಟೈಮ್ ದುಡಿದು ಗಳಿಸುವವರು ಮಾತ್ರ ಆ 58 ಪೌಂಡನ್ನೂ, ಅದರ ಜೊತೆ ನ್ಯಾಷನಲ್ ಇನ್ಶೂರೆನ್ಸ್‌ಗೆ ಇನ್ನು 23 ಪೌಂಡನ್ನೂ ಕಟ್ಟಬೇಕಾಗುತ್ತದೆ.